ಎಚ್‌ಎಂಎಸ್ ಹ್ಯಾಂಪ್‌ಶೈರ್: ಒಬ್ಬ ಪ್ರಯಾಣಿಕನ ಹೆಸರಿನಡಿ ಮುಳುಗಿಹೋದ ಹಡಗಿನ ಕಥೆ

ಎಂಜಿನ್‌ರೂಮ್_ಕುಮಟಾ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ಮನೆಯಲ್ಲಿ ಬೆವರು ಸುರಿಸಿ ಈಗ ಊರಿಗೆ ಬಂದು ಕೂತಿದ್ದೇನೆ. ಹಳೆಯ ಹಡಗುಗಳ ಹುಚ್ಚು ಮಾತ್ರ ಬಿಟ್ಟಿಲ್ಲ. ಹೋದ ವಾರ ಇಲ್ಲಿ ಯಾರೋ ಮೊದಲ ಮಹಾಯುದ್ಧದ ಬಗ್ಗೆ ಬರೆಯುತ್ತಾ "ಕಿಚನರ್ ಸತ್ತ ಹಡಗು" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಕಿಚನರ್ ಅಂದರೆ ಆಗಿನ ಬ್ರಿಟನ್ನಿನ ಯುದ್ಧಮಂತ್ರಿ. ಆ ಹಡಗಿಗೂ ಒಂದು ಹೆಸರಿದೆ, ಹನ್ನೊಂದು ವರ್ಷದ ದುಡಿಮೆಯಿದೆ. ಅದನ್ನು ಒಂದು ಕಡೆ ಬರೆದಿಡೋಣ ಅಂತ ಈ ಎಳೆ ಶುರು ಮಾಡಿದ್ದೇನೆ.

ಹೆಸರು ಹ್ಯಾಂಪ್‌ಶೈರ್. ಡೆವನ್‌ಶೈರ್ ವರ್ಗದ ಆರು ಆರ್ಮರ್ಡ್ ಕ್ರೂಸರ್‌ಗಳಲ್ಲಿ ಒಂದು. ಉಳಿದ ಐವರು ಡೆವನ್‌ಶೈರ್, ಆಂಟ್ರಿಮ್, ಆರ್ಗೈಲ್, ಕಾರ್ನಾರ್ವನ್, ರಾಕ್ಸ್‌ಬರೊ. ಟೈನ್ ನದಿ ದಂಡೆಯ ಎಲ್ಸ್‌ವಿಕ್‌ನಲ್ಲಿ ಆರ್ಮ್‌ಸ್ಟ್ರಾಂಗ್ ವಿಟ್‌ವರ್ತ್ ಕಂಪನಿ ಕಟ್ಟಿತು. 1903ರ ಸೆಪ್ಟೆಂಬರ್ 24ರಂದು ನೀರಿಗಿಳಿಯಿತು, 1905ರ ಜುಲೈಯಲ್ಲಿ ಸೇವೆಗೆ ಸೇರಿತು. ತೂಕ ಹತ್ತಿರಹತ್ತಿರ 10,850 ಟನ್, ಉದ್ದ 473 ಅಡಿ, ವೇಗ 22 ನಾಟ್. ನಾಲ್ಕು ಏಳೂವರೆ ಇಂಚಿನ ಫಿರಂಗಿ, ಆರು ಆರಿಂಚಿನವು. ನಡುಭಾಗಕ್ಕೆ ಆರಿಂಚು ದಪ್ಪದ ಉಕ್ಕಿನ ಕವಚ.

ನನ್ನ ಕಣ್ಣು ಯಾವಾಗಲೂ ಕೆಳಗಿನ ಕತ್ತಲೆಗೇ ಹೋಗುವುದು. ಆ ಕಾಲದಲ್ಲಿ ಯಾವ ಬಾಯ್ಲರ್ ಒಳ್ಳೆಯದು ಎಂದು ಬ್ರಿಟಿಷ್ ನೌಕಾಪಡೆಯಲ್ಲಿ ದೊಡ್ಡ ಜಗಳವೇ ನಡೆದಿತ್ತು. ಹಾಗಾಗಿ ಈ ಅಕ್ಕತಂಗಿಯರನ್ನೇ ಪ್ರಯೋಗಶಾಲೆ ಮಾಡಿ ಬೇರೆ ಬೇರೆ ತಯಾರಕರ ಬಾಯ್ಲರ್ ಹಾಕಿದರು. ಡೆವನ್‌ಶೈರ್, ಕಾರ್ನಾರ್ವನ್‌ಗೆ ನಿಕ್ಲಾಸ್, ರಾಕ್ಸ್‌ಬರೊಗೆ ಡ್ಯೂರ್, ಆರ್ಗೈಲ್‌ಗೆ ಬ್ಯಾಬ್‌ಕಾಕ್, ಆಂಟ್ರಿಮ್ ಮತ್ತು ಹ್ಯಾಂಪ್‌ಶೈರ್‌ಗೆ ಯಾರೋ (Yarrow ಎಂಬ ತಯಾರಕರ ಹೆಸರು) ಬಾಯ್ಲರ್. ಹ್ಯಾಂಪ್‌ಶೈರ್‌ನಲ್ಲಿ ಯಾರೋ ಮಾದರಿಯ ನೀರ್ಗೊಳವೆ ಬಾಯ್ಲರ್ ಹದಿನೇಳು, ಹಳೇ ಉರುಟು ಬಾಯ್ಲರ್ ಆರು. ಒಟ್ಟು ಇಪ್ಪತ್ಮೂರು ಬಾಯ್ಲರ್‌ಗಳ ಬಾಯಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕಬೇಕು. 21,000 ಅಶ್ವಶಕ್ತಿ ಎಂದು ಬರೆಯುವುದು ಸುಲಭ. ಅದರ ಹಿಂದೆ ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡು, ಬೂದಿಯಲ್ಲಿ ಕೆಮ್ಮುತ್ತಾ, ಪಾಳಿಯ ಮೇಲೆ ಪಾಳಿ ಸಲಿಕೆ ಹಿಡಿದ ಸ್ಟೋಕರ್‌ಗಳಿದ್ದರು. ನಾನು ಡೀಸೆಲ್ ಕಾಲದವನು. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮುದಿ ಉಗಿ ಹಡಗಿನ ಬಾಯ್ಲರ್‌ನೊಳಗೆ ತೆವಳಿ ಮಸಿ ಕೆರೆದಿದ್ದೇನೆ. ಮೂರು ದಿನ ಕಪ್ಪು ಕಫ ಬಂದಿತ್ತು. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಮೇಷ್ಟ್ರು_ತಿಪಟೂರು

ಸರ್, ಒಳ್ಳೆಯ ಎಳೆ. ಆರ್ಮರ್ಡ್ ಕ್ರೂಸರ್ ಎಂದರೇನು ಎಂದು ಹೊಸಬರಿಗೆ ನಾಲ್ಕು ಮಾತು ಸೇರಿಸುತ್ತೇನೆ.

ಯುದ್ಧನೌಕೆಯಷ್ಟು ಭಾರವಿಲ್ಲ, ಆದರೆ ಸಾಮಾನ್ಯ ಕ್ರೂಸರ್‌ಗಿಂತ ಗಟ್ಟಿ. ದೂರದ ಸಾಗರಗಳಲ್ಲಿ ಬ್ರಿಟನ್ನಿನ ವ್ಯಾಪಾರದ ದಾರಿ ಕಾಯುವುದು, ಶತ್ರುವಿನ ದಾಳಿ ಹಡಗುಗಳನ್ನು ಬೆನ್ನಟ್ಟುವುದು ಇದರ ಕೆಲಸ. 1908ರಲ್ಲಿ ಇನ್‌ವಿನ್ಸಿಬಲ್ ವರ್ಗದ ಬ್ಯಾಟಲ್‌ಕ್ರೂಸರ್‌ಗಳು ಬಂದವು ನೋಡಿ, ಟರ್ಬೈನ್ ಎಂಜಿನ್, ಹನ್ನೆರಡು ಇಂಚಿನ ಫಿರಂಗಿ, ಇವಕ್ಕಿಂತ ಹೆಚ್ಚು ವೇಗ. ಅಲ್ಲಿಗೆ ಈ ಇಡೀ ಜಾತಿಯೇ ಹಳತಾಯಿತು. ಹ್ಯಾಂಪ್‌ಶೈರ್‌ಗೆ ಆಗಿನ್ನೂ ಮೂರೇ ವರ್ಷ!

ಆದರೂ 1914ರಲ್ಲಿ ಇವನ್ನೇ ಮುಂದೆ ಬಿಟ್ಟರು. ಸೆಪ್ಟೆಂಬರ್ 22ರ ಬೆಳಿಗ್ಗೆ ಯು-9 ಎಂಬ ಒಂದೇ ಜರ್ಮನ್ ಸಬ್‌ಮರೀನ್ ಅಬೂಕಿರ್, ಹೋಗ್, ಕ್ರೆಸ್ಸಿ ಮೂರನ್ನೂ ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಸತ್ತವರು 1,459. ಅಬೂಕಿರ್‌ಗೆ ಪೆಟ್ಟು ಬಿದ್ದಾಗ ಉಳಿದೆರಡು ಹಡಗು ಅವರನ್ನು ಎತ್ತಿಕೊಳ್ಳಲು ನಿಂತವು. ನಿಂತಿದ್ದೇ ತಪ್ಪಾಯಿತು. ನವೆಂಬರ್ 1ರಂದು ಚಿಲಿ ದೇಶದ ಕೊರೊನೆಲ್ ಬಳಿ ನಡೆದ ಕದನದಲ್ಲಿ ಗುಡ್ ಹೋಪ್, ಮನ್ಮತ್ ಎರಡೂ ಹೋದವು, ಒಬ್ಬರೂ ಉಳಿಯಲಿಲ್ಲ. 1915ರ ಕೊನೆಗೆ ಲಂಗರು ಹಾಕಿ ನಿಂತಿದ್ದ ನೇಟಾಲ್ ತನ್ನದೇ ಮದ್ದು ಸಿಡಿದು ಬಿತ್ತು. 1916ರ ಜಟ್ಲೆಂಡ್ ಸಮುದ್ರ ಕದನದಲ್ಲಿ ಡಿಫೆನ್ಸ್, ಬ್ಲ್ಯಾಕ್ ಪ್ರಿನ್ಸ್, ವಾರಿಯರ್. ನನಗೆ ಈ ಪಟ್ಟಿ ಓದಿದರೆ ಸಿಟ್ಟೇ ಬರುತ್ತದೆ. ಹಳತಾಗಿದೆ ಎಂದು ಗೊತ್ತಿದ್ದೂ ಜನ ತುಂಬಿ ಕಳಿಸಿದರು.

ಮದ್ರಾಸ್_ವಾಸಿ

ಸೆಪ್ಟೆಂಬರ್ 22, 1914? ಮೇಷ್ಟ್ರೇ, ಅದೇ ದಿನ ರಾತ್ರಿ ನಮ್ಮ ಮದ್ರಾಸಿನ ಮೇಲೆ ಎಮ್ಡೆನ್ ಎಂಬ ಜರ್ಮನ್ ಯುದ್ಧಹಡಗು ಗುಂಡು ಹಾರಿಸಿದ್ದು! ಬೆಳಿಗ್ಗೆ ಉತ್ತರ ಸಮುದ್ರದಲ್ಲಿ ಆ ಮೂರು, ರಾತ್ರಿ ಒಂಬತ್ತೂವರೆ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಇದು. ಎರಡನ್ನೂ ಇಷ್ಟು ದಿನ ಬೇರೆ ಬೇರೆಯಾಗಿ ಓದಿಕೊಂಡಿದ್ದೆ, ಒಂದೇ ದಿನ ಅಂತ ಹೊಳೆದೇ ಇರಲಿಲ್ಲ.

ನಾವು ನಲವತ್ತು ವರ್ಷದಿಂದ ಚೆನ್ನೈನಲ್ಲಿದ್ದೇವೆ. ಹೈಕೋರ್ಟ್ ಗೋಡೆಯಲ್ಲಿ ಆ ಗುಂಡು ಬಿದ್ದ ಜಾಗಕ್ಕೆ ಕಲ್ಲಿನ ಫಲಕ ಹಾಕಿದ್ದಾರೆ. ಯಜಮಾನರಿಗೆ ಆ ಕಡೆ ಕೆಲಸ ಇದ್ದಾಗ ಬುತ್ತಿ ಕೊಡೋಕೆ ಹೋಗಿ ಎಷ್ಟೋ ಸಲ ಅದರ ಎದುರೇ ನಿಂತಿದ್ದೀನಿ. ಸುಮಾರು 130 ಗುಂಡು ಹಾರಿಸಿದರಂತೆ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ತಮಿಳಿನಲ್ಲಿ ಇವತ್ತಿಗೂ ಗಟ್ಟಿಗ, ಚಾಲಾಕಿ ಮನುಷ್ಯನಿಗೆ "ಎಮ್ಡನ್" ಅಂತಾರೆ. ನಮ್ಮ ಪಕ್ಕದ ಮನೆ ಪಾಟಿ ತಮ್ಮ ಮೊಮ್ಮಗನಿಗೆ ದಿನಾ ಅದೇ ಬಿರುದು ಕೊಡ್ತಿದ್ದರು.

ಹ್ಯಾಂಪ್‌ಶೈರ್‌ಗೂ ಎಮ್ಡೆನ್‌ಗೂ ಏನೋ ನಂಟಿದೆ ಅಂತ ಓದಿದ ನೆನಪು. ಹೇಳಿ ಸರ್.

ಎಂಜಿನ್‌ರೂಮ್_ಕುಮಟಾ

ಇದೆ ಮೇಡಂ, ಬೇಕಾದಷ್ಟಿದೆ. ನಾನು ಅಲ್ಲಿಗೇ ಬರುವವನಿದ್ದೆ.

ಮೊದಲಿನ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ, ಅಲ್ಲಿ ಹೇಳುವಂಥದ್ದು ಕಡಿಮೆ. ಚಾನೆಲ್ ಪಡೆಯ 1ನೇ ಕ್ರೂಸರ್ ದಳ, ಆಮೇಲೆ ದುರಸ್ತಿ, 1909ರಲ್ಲಿ ಮೀಸಲು, 1911ರ ಕೊನೆಗೆ ಮೆಡಿಟರೇನಿಯನ್, 1912ರಲ್ಲಿ ಚೀನಾ ಠಾಣೆ. ಯುದ್ಧ ಶುರುವಾದಾಗ ಹ್ಯಾಂಪ್‌ಶೈರ್ ಪೂರ್ವದಲ್ಲಿತ್ತು. ಅಡ್ಮಿರಲ್ ಜೆರಮ್ ಕೈಕೆಳಗೆ, ಮಿನೊಟೌರ್ ಜೊತೆ. ಯಾಪ್ ದ್ವೀಪದ ಜರ್ಮನ್ ವೈರ್‌ಲೆಸ್ ಠಾಣೆಯ ಕಡೆ ಹೊರಟ ದಾರಿಯಲ್ಲಿ ಎಲ್ಸ್‌ಬೆತ್ ಎಂಬ ಜರ್ಮನ್ ಕಲ್ಲಿದ್ದಲು ಹಡಗನ್ನು ಹಿಡಿದು ಮುಳುಗಿಸಿತು. ಆಮೇಲೆ ತನಗೇ ಕಲ್ಲಿದ್ದಲು ಸಾಲದೆ ಹಾಂಗ್‌ಕಾಂಗ್‌ಗೆ ತಿರುಗಬೇಕಾಯಿತು. ಆ ಕಾಲದ ಯುದ್ಧ ಅರ್ಥವಾಗಬೇಕಾದರೆ ಇದನ್ನು ಹಿಡಿದುಕೊಳ್ಳಿ: ಫಿರಂಗಿಗಿಂತ ಮೊದಲು ಕಲ್ಲಿದ್ದಲು.

ಸೆಪ್ಟೆಂಬರ್ ಮೊದಲ ವಾರ ಹ್ಯಾಂಪ್‌ಶೈರ್ ಡಚ್ಚರ ದ್ವೀಪಗಳ ಸುತ್ತ ಎಮ್ಡೆನ್‌ಗಾಗಿ ಹುಡುಕುತ್ತಿತ್ತು. ಸುಮಾತ್ರಾದ ಪಶ್ಚಿಮಕ್ಕೆ ಸಿಮೆಲ್ಯೂ ಅಂತ ಒಂದು ದ್ವೀಪ. ಅಲ್ಲಿನ ಒಂದು ಕೊಲ್ಲಿಯಲ್ಲಿ ಎಮ್ಡೆನ್ ಸದ್ದಿಲ್ಲದೆ ಕಲ್ಲಿದ್ದಲು ತುಂಬಿಸಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಹ್ಯಾಂಪ್‌ಶೈರ್ ಅದೇ ನೀರಿನಲ್ಲಿ ಹಾದುಹೋಗಿತ್ತು. ಎಮ್ಡೆನ್‌ನ ವೈರ್‌ಲೆಸ್ ಕೋಣೆಯಲ್ಲಿ ಕೂತವರಿಗೆ ಒಂದು ಬ್ರಿಟಿಷ್ ಯುದ್ಧಹಡಗಿನ ಕರೆಸಂಕೇತ ಪದೇ ಪದೇ ಕೇಳಿಸುತ್ತಿತ್ತು. ಸದ್ದು ದೊಡ್ಡದಾಯಿತೆಂದರೆ ಹತ್ತಿರ, ಸಣ್ಣದಾಯಿತೆಂದರೆ ದೂರ. ಅದು ಹ್ಯಾಂಪ್‌ಶೈರ್. ಬೇಟೆಗಾರನ ಹೆಜ್ಜೆ ಸಪ್ಪಳ ಪೊದೆಯೊಳಗಿನ ಮೊಲಕ್ಕೆ ಕೇಳಿಸಿದ ಹಾಗೆ.

ಹ್ಯಾಂಪ್‌ಶೈರ್ ಕೈಗೆ ಎಮ್ಡೆನ್ ಕೊನೆಗೂ ಸಿಗಲಿಲ್ಲ. ಮದ್ರಾಸ್ ಆಯಿತು, ಮಿನಿಕಾಯ್ ಸುತ್ತ ಹಡಗುಗಳನ್ನು ಹಿಡಿದದ್ದಾಯಿತು. ಅಕ್ಟೋಬರ್ ಆರಂಭದಲ್ಲಿ ಡಿಯೆಗೊ ಗಾರ್ಸಿಯಾಕ್ಕೆ ಹೋದರೆ ಅಲ್ಲಿನವರಿಗೆ ಯುದ್ಧ ಶುರುವಾದ ಸುದ್ದಿಯೇ ಮುಟ್ಟಿರಲಿಲ್ಲ, ಎಮ್ಡೆನ್‌ಗೆ ಸ್ವಾಗತವೇ ಸಿಕ್ಕಿತು! ಆಮೇಲೆ ಪಿನಾಂಗ್ ಬಂದರಿನ ಮೇಲೆ ದಾಳಿ. ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯಾದ ಸಿಡ್ನಿ ಅದನ್ನು ಹೊಡೆದು ದಡ ಹತ್ತಿಸಿತು.

ಇನ್ನೊಂದು ಮಾತು, ನನಗೆ ಬಹಳ ಇಷ್ಟವಾದದ್ದು. ಹ್ಯಾಂಪ್‌ಶೈರ್ ಆಮೇಲೆ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೈನಿಕರ ಹಡಗುಸಾಲಿಗೆ ಕಾವಲಾಗಿ ಕೆಂಪು ಸಮುದ್ರ ದಾಟಿತು. ಎಮ್ಡೆನ್‌ನ ಸೆರೆಯಾಳುಗಳು, ಅವರ ಕ್ಯಾಪ್ಟನ್ ಕಾರ್ಲ್ ಫಾನ್ ಮುಲ್ಲರ್ ಸಮೇತ, ಒರ್ವಿಯೆಟೊ ಎಂಬ ಹಡಗಿನಲ್ಲಿದ್ದರು. ಈಜಿಪ್ಟಿನಲ್ಲಿ ಅವರನ್ನು ಹ್ಯಾಂಪ್‌ಶೈರ್‌ಗೆ ಹತ್ತಿಸಿ ಮಾಲ್ಟಾಕ್ಕೆ ಒಯ್ದರು. ಮೂರು ತಿಂಗಳು ಯಾವ ಹಡಗಿನ ಸಂಕೇತ ಕೇಳಿ ಎಚ್ಚರ ಇದ್ದರೋ ಅದರದೇ ಡೆಕ್ ಮೇಲೆ ಊಟ, ನಿದ್ದೆ. ಎರಡು ಕಡೆಯ ಸ್ಟೋಕರ್‌ಗಳು ಒಬ್ಬರನ್ನೊಬ್ಬರು ನೋಡಿ ಏನಂದುಕೊಂಡರೋ.

ಕಂಟೋನ್ಮೆಂಟ್_ಹುಡುಗ

ಅಣ್ಣಾ ಇದೆಲ್ಲ ಸೂಪರ್. ಆದ್ರೆ ಒಂದು ನೇರ ಮಾತು ಕೇಳ್ತೀನಿ, ಬೇಜಾರಾಗಬೇಡಿ. ಕಿಚನರ್‌ಗೋಸ್ಕರ ನಾವ್ಯಾಕೆ ಮರುಗಬೇಕು? ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಹೆಂಗಸರು ಮಕ್ಕಳನ್ನ ಶಿಬಿರಗಳಲ್ಲಿ ಕೂಡಿಹಾಕಿ ಸಾವಿರಾರು ಜನ ಸತ್ತಿದ್ದು ಇವನ ಕಾಲದಲ್ಲೇ. ಆಮೇಲೆ 1902ರಿಂದ 1909ರವರೆಗೆ ನಮ್ಮ ದೇಶದಲ್ಲೇ ಸೇನಾ ಮುಖ್ಯಸ್ಥ. ಕರ್ಜನ್ ಜೊತೆ ಜಗಳ ಆಡಿ ಅವನನ್ನೇ ಮನೆಗೆ ಕಳಿಸಿದ. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ಗೆ "2ನೇ" ಅನ್ನೋ ಸಂಖ್ಯೆ ಬಂದಿದ್ದು ಇವನು 1903ರಲ್ಲಿ ಇಡೀ ಸೇನೆಗೆ ಹೊಸ ನಂಬರ್ ಹಾಕಿದಾಗ್ಲೇ. ನಮ್ಮ ತಾತ ಆ ಗೇಟಿನೆದುರು ಟೀ ಅಂಗಡಿ ಇಟ್ಟಿದ್ರು, ಅದಕ್ಕೇ ಗೊತ್ತು.

ಮತ್ತೆ ಆ ಸಾವಿನ ಗುಟ್ಟು? ಗೂಢಚಾರ, ಬಾಂಬು, ಚಿನ್ನ, ಏನೇನೋ ಹೇಳ್ತಾರಲ್ಲ?

ಎಂಜಿನ್‌ರೂಮ್_ಕುಮಟಾ

ಬೇಜಾರೇನೂ ಇಲ್ಲ ತಮ್ಮಾ, ಸರಿಯಾದ ಪ್ರಶ್ನೆ. ಕಿಚನರ್‌ಗಾಗಿ ಮರುಗಿ ಎಂದು ನಾನು ಹೇಳುತ್ತಿಲ್ಲ. ಆ ಹಡಗಿನಲ್ಲಿ ಸತ್ತವರು 737 ಮಂದಿ. ಅವರಲ್ಲಿ ಕಿಚನರ್ ಮತ್ತು ಅವನ ಜೊತೆಗಾರರು ಹದಿನಾಲ್ಕು ಮಂದಿ. ಉಳಿದ ಏಳುನೂರಕ್ಕೂ ಮೇಲ್ಪಟ್ಟವರು ಸಂಬಳಕ್ಕೆ ದುಡಿಯುತ್ತಿದ್ದ ನಾವಿಕರು. ನನ್ನ ಮಾತು ಅವರ ಬಗ್ಗೆ.

ಆ ದಿನದ್ದನ್ನು ಸಾವಕಾಶ ಹೇಳುತ್ತೇನೆ.

1915ರ ಜನವರಿಯಲ್ಲಿ ಹ್ಯಾಂಪ್‌ಶೈರ್ ಬ್ರಿಟಿಷರ ಮುಖ್ಯ ಪಡೆ ಗ್ರ್ಯಾಂಡ್ ಫ್ಲೀಟ್ ಸೇರಿತ್ತು. ಆ ವರ್ಷ ನವೆಂಬರ್‌ನಲ್ಲಿ ಬಿಳಿ ಸಮುದ್ರಕ್ಕೆ, ಅಂದರೆ ರಷ್ಯಾದ ಉತ್ತರಕ್ಕೆ, ಒಮ್ಮೆ ಹೋಗಿಬಂದಿತ್ತು. 1916ರ ಮೇ 31ರಂದು ಜಟ್ಲೆಂಡಿನಲ್ಲಿ 2ನೇ ಕ್ರೂಸರ್ ದಳದಲ್ಲಿ ಮಿನೊಟೌರ್, ಕೊಕ್ರೇನ್, ಶಾನನ್ ಜೊತೆ ಇತ್ತು. ಹೆಚ್ಚೇನೂ ಗುಂಡು ಹಾರಿಸಲಿಲ್ಲ, ಪೆಟ್ಟೂ ತಿನ್ನಲಿಲ್ಲ. ಡಿಫೆನ್ಸ್ ಒಂದೇ ಏಟಿಗೆ ಒಂಬೈನೂರು ಜನರ ಸಮೇತ ಹೋದ ಆ ಕದನದಿಂದ ಹ್ಯಾಂಪ್‌ಶೈರ್ ಒಂದು ಗೀರೂ ಇಲ್ಲದೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ನೌಕಾನೆಲೆ ಸ್ಕಾಪಾ ಫ್ಲೋಗೆ ಮರಳಿತು. ಮನೆಗೆ ಕಾಗದ ಬರೆದವರು "ಬದುಕಿ ಬಂದೆ" ಎಂದೇ ಬರೆದಿರಬೇಕು. ಆ ಕಾಗದ ಮನೆ ಮುಟ್ಟುವ ಹೊತ್ತಿಗೆ ಅದರ ಕಥೆ ಮುಗಿದಿತ್ತು.

ಜಾರ್ ನಿಕೊಲಾಸ್‌ನ ಕರೆಯ ಮೇಲೆ ಕಿಚನರ್ ರಷ್ಯಾಕ್ಕೆ ಹೊರಟಿದ್ದ, ಮದ್ದುಗುಂಡು, ಹಣಕಾಸಿನ ಮಾತುಕತೆಗೆ. ಲಾಯ್ಡ್ ಜಾರ್ಜ್ ಕೂಡ ಹೋಗಬೇಕಿತ್ತು. ಐರ್ಲೆಂಡಿನ ದಂಗೆಯ ನಂತರದ ತಲೆನೋವಿಗಾಗಿ ಹಿಂದೆ ಉಳಿದ. ಆರು ತಿಂಗಳಲ್ಲಿ ಪ್ರಧಾನಿಯಾದ. ಜೂನ್ 5ರಂದು ಕಿಚನರ್ ರೈಲಿನಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯ ತರ್ಸೊಗೆ, ಅಲ್ಲಿಂದ ಓಕ್ ಎಂಬ ಡಿಸ್ಟ್ರಾಯರ್‌ನಲ್ಲಿ ಸ್ಕಾಪಾಗೆ ಬಂದ. ಐರನ್ ಡ್ಯೂಕ್ ಎಂಬ ಹಡಗಿನ ಮೇಲೆ ಗ್ರ್ಯಾಂಡ್ ಫ್ಲೀಟಿನ ಮುಖ್ಯಸ್ಥ ಅಡ್ಮಿರಲ್ ಜೆಲಿಕೊ ಜೊತೆ ಊಟ ಮಾಡಿ ಹ್ಯಾಂಪ್‌ಶೈರ್ ಹತ್ತಿದ. ಕ್ಯಾಪ್ಟನ್ ಹರ್ಬರ್ಟ್ ಸಾವಿಲ್. ಸಂಜೆ 4.45ಕ್ಕೆ ಲಂಗರು ಎತ್ತಿದರು.

ಗಾಳಿ ಈಶಾನ್ಯದಿಂದ ಬೀಸುತ್ತಿತ್ತು. ಆರ್ಕ್ನಿ ದ್ವೀಪಗಳ ಪಶ್ಚಿಮ ದಂಡೆ ಹಿಡಿದು ಹೋದರೆ ನೆಲದ ಮರೆ ಸಿಗುತ್ತದೆ, ಕಾವಲಿಗೆ ಬಂದ ಯೂನಿಟಿ, ವಿಕ್ಟರ್ ಎಂಬ ಎರಡು ಡಿಸ್ಟ್ರಾಯರ್‌ಗಳಿಗೂ ಅನುಕೂಲ ಎಂದು ಜೆಲಿಕೊ ಲೆಕ್ಕ.

ಮಲ್ಪೆ_ಗಾಳಿ

ಇಲ್ಲಿ ಒಂದ್ನಿಮಿಷ ತಡೀರಿ ಅಣ್ಣ. ಈ ಗಾಳಿ ಲೆಕ್ಕ ನನ್ನ ಕೈಗೆ ಬಿಡಿ, ನಮ್ಮ ಮನೆಯವರು ಮೂರು ತಲೆಮಾರು ಕಡಲಿಗೆ ಹೋದವರು.

ತೂಫಾನಿನ ನಡು ನಿಮ್ಮನ್ನು ದಾಟಿ ಹೋಗ್ತಾ ಇರುವಾಗ ಗಾಳಿ ಒಂದೇ ದಿಕ್ಕಿಂದ ಬರುವುದಿಲ್ಲ, ತಿರುಗ್ತದೆ. ಒಂದು ಗಂಟೆ ಮೊದಲು ಯಾವ ಗುಡ್ಡ ನಿಮಗೆ ಮರೆಯಾಗಿತ್ತೋ ಆಮೇಲೆ ಅದೇ ಗುಡ್ಡಕ್ಕೆ ನಿಮ್ಮನ್ನು ತಂದು ಬಡಿತದೆ. ಅಪ್ಪ ತಂಡೇಲ ಆಗಿದ್ದಾಗ ಒಮ್ಮೆ ಸೈಂಟ್ ಮೇರಿಸ್ ದ್ವೀಪದ ಮರೆಗೆ ದೋಣಿ ನಿಲ್ಲಿಸಿದ್ದರಂತೆ. ಗಾಳಿ ಪಡುವಣಕ್ಕೆ ತಿರುಗಿತು. ಲಂಗರಿನ ಹಗ್ಗ ಕೊಡಲಿಯಲ್ಲಿ ಕಡಿದು ಓಡಿ ಬಂದರು, ಬಲೆ ಬಿಟ್ಟು. ಆ ಕೊಡಲಿ ಈಗಲೂ ನಮ್ಮ ಅಟ್ಟದಲ್ಲಿದೆ, ಅಮ್ಮ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಆ ದಿನ ಅಲ್ಲಿ ಆದದ್ದೂ ಅದೇ ಅಲ್ವಾ? ಈಶಾನ್ಯದ ಗಾಳಿ ವಾಯವ್ಯಕ್ಕೆ ತಿರುಗಿತು. ಮರೆ ಹೋಯಿತು. ಮುಖಕ್ಕೇ ಅಲೆ.

ಎಂಜಿನ್‌ರೂಮ್_ಕುಮಟಾ

ಹೌದು ತಮ್ಮ, ಅದೇ ಆದದ್ದು. ನನಗಿಂತ ಚೆನ್ನಾಗಿ ಹೇಳಿದೆ.

ಎದುರು ಗಾಳಿಗೆ ಸಣ್ಣ ಡಿಸ್ಟ್ರಾಯರ್‌ಗಳು ಸಮನಾಗಿ ಓಡಲಾರದೆ ಹೋದವು. ಹೊರಟು ಎರಡು ಗಂಟೆ ಆಗುವ ಮುಂಚೆಯೇ ಕ್ಯಾಪ್ಟನ್ ಸಾವಿಲ್ ಅವೆರಡನ್ನೂ ವಾಪಸ್ ಕಳಿಸಿದ. ಹ್ಯಾಂಪ್‌ಶೈರ್ ಒಂಟಿಯಾಯಿತು. ಅಲೆ ನುಗ್ಗಬಾರದೆಂದು ಕೆಳಗಿನಿಂದ ಡೆಕ್‌ಗೆ ಬರುವ ದಾರಿಯ ಬಾಗಿಲುಗಳಾದ ಹ್ಯಾಚ್‌ಗಳನ್ನು ಮುಚ್ಚಿ ಬೆಣೆ ಬಡಿದಿದ್ದರು. ಈ ಸಾಲನ್ನು ದಯವಿಟ್ಟು ಎರಡು ಸಲ ಓದಿ. ಹ್ಯಾಚ್ ಮುಚ್ಚಿದ ಮೇಲೆ ಕೆಳಗಿದ್ದವನಿಗೆ ದಾರಿ ಒಂದೋ ಎರಡೋ.

ಸಂಜೆ 7.40ರ ಆಸುಪಾಸು. ಮಾರ್ವಿಕ್ ಹೆಡ್ ಎಂಬ ಬಂಡೆಗಡಿಯಿಂದ ಒಂದೂವರೆ ಮೈಲಿ ದೂರ. ಜೂನ್ ತಿಂಗಳು, ಆ ಉತ್ತರದಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಮೂತಿಗೂ ಬ್ರಿಡ್ಜಿಗೂ ನಡುವೆ ಸ್ಫೋಟ. ವಿದ್ಯುತ್ ಹೋಯಿತು, ಹಾಗಾಗಿ ವೈರ್‌ಲೆಸ್ಸೂ ಸತ್ತಿತು. ದೀಪ ಆರಿದವು. ಹದಿನೈದು ನಿಮಿಷ ಚಿಲ್ಲರೆಯಲ್ಲಿ ಮೂತಿ ಮುಂದಾಗಿ ಮುಳುಗಿತು. ಇಳಿಸಿದ ದೋಣಿಗಳನ್ನು ಅಲೆ ಹಡಗಿನ ಮೈಗೇ ಅಪ್ಪಳಿಸಿ ಚೂರು ಮಾಡಿತು. ಉಳಿದದ್ದು ಕಾರ್ಲಿ ತೆಪ್ಪಗಳು, ಬೆಂಡಿನ ಉಂಗುರಕ್ಕೆ ಬಲೆ ಕಟ್ಟಿದಂಥವು. ಅದರ ಮೇಲೆ ಹತ್ತಿದವರು ದಡ ಸೇರುವ ಮುಂಚೆ ಒಬ್ಬೊಬ್ಬರೇ ಚಳಿಗೆ ಸೆಟೆದು ಬಿದ್ದರು. ಜೀವ ಹಿಡಿದು ಬಂಡೆ ಹತ್ತಿದವರು 12. ಒಬ್ಬ ಕಮಿಷನ್ಡ್ ಅಧಿಕಾರಿಯೂ ಅವರಲ್ಲಿ ಇರಲಿಲ್ಲ. ಎಂಜಿನ್ ವಿಭಾಗದ ವಾರಂಟ್ ದರ್ಜೆಯ ವಿಲಿಯಂ ಬೆನೆಟ್ ಒಬ್ಬರು ಬದುಕಿದರು, ಕೆಲವು ಸ್ಟೋಕರ್‌ಗಳೂ. ಆ ಕೆಳಗಿನ ಕತ್ತಲೆಯಿಂದ, ಉಗಿಯಿಂದ, ಅವರು ಹೇಗೆ ಮೇಲೆ ಬಂದರು ಎಂದು ಯೋಚಿಸಿದಾಗಲೆಲ್ಲ ಅಂಗೈ ಒದ್ದೆಯಾಗುತ್ತದೆ.

ಕಿಚನರ್‌ನನ್ನು ಹಡಗಿನ ಹಿಂಭಾಗದ ಕ್ವಾರ್ಟರ್‌ಡೆಕ್ ಮೇಲೆ ಕೊನೆಗೆ ಕಂಡದ್ದಾಗಿ ಬದುಕಿದವರು ಹೇಳಿದರು. ದೇಹ ಸಿಗಲೇ ಇಲ್ಲ.

ಮೇಷ್ಟ್ರು_ತಿಪಟೂರು

ಕಂಟೋನ್ಮೆಂಟ್ ಹುಡುಗರ ಗುಟ್ಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ದಿನಾಂಕಗಳನ್ನು ಜೋಡಿಸಿ ನೋಡಿದರೆ ಅರ್ಧ ಗುಟ್ಟು ತಾನೇ ಬಿದ್ದುಹೋಗುತ್ತದೆ.

ಸ್ಫೋಟಿಸಿದ್ದು ಮೈನ್, ನೀರೊಳಗೆ ಸರಪಳಿ ಕಟ್ಟಿ ನಿಲ್ಲಿಸುವ ಸಿಡಿಗುಂಡು. ಕುರ್ಟ್ ಬೈಟ್ಸನ್ ನಾಯಕನಾಗಿದ್ದ ಯು-75 ಸಬ್‌ಮರೀನ್ ಅವನ್ನು ಬಿತ್ತಿದ್ದು ಮೇ 28-29ರ ರಾತ್ರಿ. ಬಿತ್ತಿದ್ದು ಬ್ರಿಟಿಷರ ದೊಡ್ಡ ಪಡೆ ಸ್ಕಾಪಾದಿಂದ ಹೊರಬರುವ ದಾರಿಗೆ, ಮುಂದೆ ಜಟ್ಲೆಂಡ್ ಆಯಿತಲ್ಲ, ಆ ಯೋಜನೆಯ ಭಾಗವಾಗಿ. ಹ್ಯಾಂಪ್‌ಶೈರ್ ಪಶ್ಚಿಮದ ದಾರಿ ಹಿಡಿಯಬೇಕೆಂದು ಜೆಲಿಕೊ ತೀರ್ಮಾನಿಸಿದ್ದು ಜೂನ್ 5ರಂದು, ಗಾಳಿ ನೋಡಿ. ಒಂದು ವಾರದ ಹಿಂದೆಯೇ ಆ ಗಾಳಿ ಯಾವ ಗೂಢಚಾರನಿಗೆ ಗೊತ್ತಿತ್ತು?

ಫ್ರಿಟ್ಜ್ ಡುಕೇನ್ ಎಂಬಾತ ತಾನು ರಷ್ಯನ್ ಶ್ರೀಮಂತನ ವೇಷದಲ್ಲಿ ಹಡಗಿನಲ್ಲಿದ್ದೆ, ಸಬ್‌ಮರೀನ್‌ಗೆ ಸನ್ನೆ ಮಾಡಿ ತಪ್ಪಿಸಿಕೊಂಡೆ ಎಂದು ಹೇಳಿಕೊಂಡು ತಿರುಗಿದ. ಆಗ ಅಲ್ಲಿ ಸಬ್‌ಮರೀನೇ ಇರಲಿಲ್ಲ. 1926ರಲ್ಲಿ ಫ್ರಾಂಕ್ ಪವರ್ ಎಂಬಾತ ಕಿಚನರ್ ಶವ ಸಿಕ್ಕಿತೆಂದು ಲಂಡನ್ನಿಗೆ ಪೆಟ್ಟಿಗೆಯನ್ನೇ ತಂದ. ವೈದ್ಯ ಬರ್ನಾರ್ಡ್ ಸ್ಪಿಲ್ಸ್‌ಬರಿ ಎದುರು ತೆರೆದರೆ ಒಳಗೆ ಶವವಿಲ್ಲ, ತೂಕಕ್ಕೆ ತುಂಬಿದ ಟಾರು. ಮಗನನ್ನು ಕಳೆದುಕೊಂಡ ತಾಯಂದಿರು ಅದೇ ಊರಲ್ಲಿದ್ದರು ಎಂಬುದನ್ನು ನೆನೆದರೆ ಇದು ಬರೀ ಕಿಡಿಗೇಡಿತನ ಅನ್ನಿಸುವುದಿಲ್ಲ, ಪಾಪ ಅನ್ನಿಸುತ್ತದೆ.

ನಿಜವಾದ ತಪ್ಪು ಬೇರೆ ಇದೆ. ಜರ್ಮನ್ ಸಂದೇಶಗಳನ್ನು ಕದ್ದಾಲಿಸುತ್ತಿದ್ದ ಬ್ರಿಟಿಷ್ ವಿಭಾಗಕ್ಕೆ ಆ ಕಡೆ ಸಬ್‌ಮರೀನ್ ಓಡಾಟದ ಸುಳಿವು ಸಿಕ್ಕಿತ್ತು. ಅದು ತಲುಪಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪಿತೇ, ತಲುಪಿದ್ದನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡರೇ ಎಂಬ ವಾದ ನೂರು ವರ್ಷದಿಂದ ನಡೆಯುತ್ತಿದೆ. ಹವಾಮಾನದ ಓದು ತಪ್ಪಿತು. ಮೈನ್ ತೆಗೆಯುವ ಹಡಗು ಓಡಿಸದ ದಾರಿಗೆ ಬಿಟ್ಟರು. ಇದಕ್ಕೆ ಗೂಢಚಾರ ಬೇಕಿಲ್ಲ, ಕಚೇರಿಯ ಅಸಡ್ಡೆ ಸಾಕು.

ಕಂಟೋನ್ಮೆಂಟ್_ಹುಡುಗ

ಮೇಷ್ಟ್ರೇ, ಒಂದು ಸಿಕ್ಕು ಉಳಿದಿದೆ. ಲಾರೆಲ್ ಕ್ರೌನ್ ಅಂತ ಒಂದು ಸಣ್ಣ ದೋಣಿ ಅದೇ ಜಾಗದಲ್ಲಿ ಜೂನ್ 2ರಂದೇ ಮೈನ್‌ಗೆ ಸಿಕ್ಕಿ ಮುಳುಗಿತ್ತು ಅಂತ ಓದಿದ್ದೆ. ಅಂದ್ರೆ ಮೂರು ದಿನ ಮೊದಲೇ ಗೊತ್ತಿತ್ತು, ಬೇಕಂತಲೇ ಕಳಿಸಿದ್ರು ಅನ್ನೋ ವಾದ ಅಲ್ಲಿಂದಲೇ ಹುಟ್ಟಿದ್ದು.

ಮೇಷ್ಟ್ರು_ತಿಪಟೂರು

ಒಳ್ಳೆಯದನ್ನು ಎತ್ತಿದಿರಿ. ಆ ದಿನಾಂಕ ಬಹಳ ಕಾಲ ಹಾಗೇ ಅಚ್ಚಾಗುತ್ತಾ ಬಂತು. ಆಮೇಲೆ ಮೂಲ ದಾಖಲೆ ತೆಗೆದು ನೋಡಿದವರಿಗೆ ಅದು ಜೂನ್ 22 ಎಂದು ಸಿಕ್ಕಿತು. 22ರಲ್ಲಿ ಒಂದು ಅಂಕಿ ಬಿದ್ದುಹೋಗಿ 2 ಆಗಿ ಉಳಿದಂತಿದೆ. ಲಾರೆಲ್ ಕ್ರೌನ್ ಹೋದದ್ದು ಹ್ಯಾಂಪ್‌ಶೈರ್‌ಗೆ ಮೊದಲಲ್ಲ, ನಂತರ. ಅದೇ ಮೈನ್‌ಗಳನ್ನು ತೆಗೆಯುವ ಕೆಲಸದಲ್ಲಿ. ಒಂದು ಅಂಕಿಯ ಮೇಲೆ ಎಷ್ಟು ದೊಡ್ಡ ಅನುಮಾನ ಕಟ್ಟಿದರು ನೋಡಿ.

ಮದ್ರಾಸ್_ವಾಸಿ

ದಡ ಅಷ್ಟು ಹತ್ತಿರ, ಬೆಳಕು ಬೇರೆ ಇತ್ತು. ಊರಿನವರು ಯಾರೂ ನೋಡಲಿಲ್ಲವೇ?

ಅಬರ್ಡೀನ್_ಕನ್ನಡತಿ

ನೋಡಿದರು. ಇದನ್ನು ನಾನು ಹೇಳಬೇಕು, ಮೂರು ತಿಂಗಳ ಹಿಂದಷ್ಟೇ ಅಲ್ಲಿಗೆ ಹೋಗಿ ಬಂದೆ.

ಈ ಎಳೆ ಎರಡು ದಿನದಿಂದ ಓದುತ್ತಿದ್ದೆ, ಬರೆಯಲು ಧೈರ್ಯ ಆಗಿರಲಿಲ್ಲ. ಇಲ್ಲಿ ನರ್ಸ್ ಕೆಲಸ ನನ್ನದು, ಊರು ಶಿರಸಿ. ರಜೆಯಲ್ಲಿ ಫೆರಿ ಹತ್ತಿ ಆರ್ಕ್ನಿಗೆ ಹೋಗಿದ್ದೆವು. ಬರ್ಸೆ ಎಂಬ ಊರಿನ ಕಡೆಯವರು ಆ ಸಂಜೆ ದಡದಿಂದಲೇ ಹಡಗು ಮುಳುಗುವುದನ್ನು ಕಂಡಿದ್ದರು. ಬರ್ಸೆ ಅಂಚೆ ಕಚೇರಿಯಿಂದ ತಂತಿಯೂ ಹೋಯಿತು. ಆದರೆ ಸಹಾಯ ಹೊರಡುವುದು ತಡವಾಯಿತು. ಸ್ಟ್ರಾಮ್‌ನೆಸ್‌ನ ಲೈಫ್‌ಬೋಟ್ ಹೋಗಲು ತಯಾರಿತ್ತು, ನೌಕಾಪಡೆಯವರು ಬೇಡ ಎಂದರು. ಬಂಡೆಗಳ ಕಡೆ ಹೋಗಬೇಡಿ ಎಂದು ತಡೆದರು ಎಂಬ ಮಾತನ್ನು ಅಲ್ಲಿಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ನಾವು ಉಳಿದುಕೊಂಡ ಮನೆಯ ಅಜ್ಜಿ ಚಹಾ ಕೊಡುತ್ತಾ ಅದನ್ನೇ ಹೇಳಿದರು, ನಿನ್ನೆ ನಡೆದ ಹಾಗೆ. ಅವರ ತಂದೆ ಆಗ ಸಣ್ಣ ಹುಡುಗನಂತೆ.

ಮಾರ್ವಿಕ್ ಹೆಡ್ ಹತ್ತುವುದು ಕಷ್ಟವಲ್ಲ, ಗಾಳಿ ಕಷ್ಟ. ಬಂಡೆಯ ಸಂದಿಸಂದಿಗೂ ಕಡಲಹಕ್ಕಿ, ಅವುಗಳ ಕೂಗು, ಹಿಕ್ಕೆಯ ವಾಸನೆ. ತುದಿಯಲ್ಲಿ 48 ಅಡಿಯ ಕಲ್ಲಿನ ಗೋಪುರ, ಆರ್ಕ್ನಿ ಜನ ಹಣ ಕೂಡಿಸಿ 1926ರಲ್ಲಿ ಕಟ್ಟಿಸಿದ್ದು. ಅದರ ಫಲಕದಲ್ಲಿ ಕಿಚನರ್ ಹೆಸರು ದೊಡ್ಡದಾಗಿದೆ. ಜೊತೆಗೆ ಹ್ಯಾಂಪ್‌ಶೈರ್‌ನ ಅಧಿಕಾರಿಗಳು ಮತ್ತು ಹೆಚ್ಚೂಕಡಿಮೆ ಎಲ್ಲ ನಾವಿಕರೂ ಸತ್ತರು ಎಂದು ಒಂದು ಮಾತು. ಹೆಸರಿಲ್ಲ.

ತೊಂಬತ್ತು ವರ್ಷ ಹಾಗೇ ಇತ್ತು. 2016ಕ್ಕೆ, ನೂರನೇ ವರ್ಷಕ್ಕೆ, ಗೋಪುರದ ಪಕ್ಕದಲ್ಲಿ ಬಾಗಿದ ಒಂದು ತಗ್ಗು ಗೋಡೆ ಕಟ್ಟಿ 737 ಹೆಸರನ್ನೂ ಕೊರೆದರು. ಗೋಡೆ ನನ್ನ ಸೊಂಟದೆತ್ತರ ಇರಬಹುದು. ಹೆಸರು ಓದಲು ಬಗ್ಗಬೇಕು. ನಾನು ಬಗ್ಗಿ ಓದುತ್ತಾ ಹೋದೆ, ಒಂದೇ ಅಡ್ಡಹೆಸರು ಮತ್ತೆ ಮತ್ತೆ ಬಂದಾಗ ಅಣ್ಣತಮ್ಮಂದಿರೇನೋ ಅನ್ನಿಸಿತು. ಎರಡು ಸಾಲು ಆದ ಮೇಲೆ ಕಣ್ಣಲ್ಲಿ ನೀರು, ಗಾಳಿಗೆ ಅಂತ ಗಂಡನಿಗೆ ಹೇಳಿದೆ.

ಎಂಜಿನ್‌ರೂಮ್_ಕುಮಟಾ

ತಂಗೀ, ನೀನು ಬರೆದದ್ದು ಓದಿ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ.

ಹಡಗಿನ ಈಗಿನ ಸ್ಥಿತಿಯನ್ನೂ ಬರೆದುಬಿಡುತ್ತೇನೆ. 65 ಮೀಟರ್‌ಗೂ ಆಳದಲ್ಲಿ ಬೋರಲಾಗಿ ಬಿದ್ದಿದೆ. 1983ರಲ್ಲಿ ಯಾರೋ ಅಲ್ಲಿಂದ ಒಂದು ಪ್ರೊಪೆಲರ್, ಶಾಫ್ಟಿನ ತುಂಡು ಸಮೇತ, ಅನುಮತಿಯಿಲ್ಲದೆ ಎತ್ತಿದರು. ಅದನ್ನು ವಶಪಡಿಸಿಕೊಂಡು ಆಮೇಲೆ ಆರ್ಕ್ನಿಯ ಲಿನೆಸ್‌ನಲ್ಲಿ ಇಟ್ಟರು. ಈಗ ಅದು ಕಾನೂನಿನ ರಕ್ಷಣೆಯಿರುವ ಯುದ್ಧಸಮಾಧಿ, ಪರವಾನಗಿ ಇಲ್ಲದೆ ಯಾರೂ ಇಳಿಯುವಂತಿಲ್ಲ. ಹಾಗೇ ಇರಬೇಕು. ಎಂಜಿನ್ ಮನೆ ಅಲ್ಲಿ ಈಗ ತಲೆಕೆಳಗಾಗಿದೆ, ನೆಲದ ಚೆಕ್ಕರ್ ಪ್ಲೇಟ್‌ಗಳೇ ಚಾವಣಿ. ಅದರೊಳಗೆ ಕೈಹಾಕಿ ತರುವಂಥದ್ದು ಯಾರಿಗೂ ಏನೂ ಇಲ್ಲ.

ಲಿನೆಸ್‌ಗೆ ಹೋಗಿದ್ದೆಯಾ ತಂಗೀ?

ಅಬರ್ಡೀನ್_ಕನ್ನಡತಿ

ಹೋಗಿದ್ದೆ ಅಣ್ಣ. ಹಾಯ್ ದ್ವೀಪದಲ್ಲಿದೆ, ಇನ್ನೊಂದು ಫೆರಿ. ಪ್ರೊಪೆಲರ್ ನನಗಿಂತ ಎಷ್ಟೋ ಎತ್ತರ. ಮುಟ್ಟಬಹುದು. ಮುಟ್ಟಿದರೆ ತಣ್ಣಗೆ, ಮಳೆ ನಿಂತ ಹೊತ್ತಿನ ಕೊಡಪಾನದ ಹಾಗೆ. ಅಂಚಿನಲ್ಲಿ ಒಂದು ಕಡೆ ಉಗುರು ಸಿಕ್ಕುವಷ್ಟು ಒರಟಿತ್ತು. ಅಲ್ಲೇ ನೌಕಾಪಡೆಯ ಸ್ಮಶಾನ, ದಡಕ್ಕೆ ತೇಲಿಬಂದ ನೂರಕ್ಕೂ ಹೆಚ್ಚು ಹ್ಯಾಂಪ್‌ಶೈರ್ ನಾವಿಕರು ಅಲ್ಲಿದ್ದಾರೆ. ಕೆಲವು ಕಲ್ಲಿನ ಮೇಲೆ ಹೆಸರಿಲ್ಲ, ಗುರುತು ಸಿಗದವರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಗುರುತಿಲ್ಲದ ದೇಹ ಅಂದರೆ ಏನು ಅಂತ ಗೊತ್ತು. ಅಲ್ಲಿಂದ ಬೇಗ ಎದ್ದು ಬರಲಾಗಲಿಲ್ಲ.

ಕಂಟೋನ್ಮೆಂಟ್_ಹುಡುಗ

ನಾನು ಮೊದಲು ಕೇಳಿದ ಪ್ರಶ್ನೆ ವಾಪಸ್ ತಗೋತೀನಿ ಅಣ್ಣ. ಕಿಚನರ್ ಬಗ್ಗೆ ನನ್ನ ಅಭಿಪ್ರಾಯ ಅದೇ. ಆದ್ರೆ ಅವನ ಮೇಲಿನ ಸಿಟ್ಟನ್ನ ಆ ಸ್ಟೋಕರ್‌ಗಳ ತಲೆಗೆ ಕಟ್ಟಿದ್ದು ತಪ್ಪು.

ಮಲ್ಪೆ_ಗಾಳಿ

ಅಕ್ಕ, ಒಂದು ಕೇಳ್ತೇನೆ. ಆ ಲಾರೆಲ್ ಕ್ರೌನ್ ಅಂದ್ರೆ ಡ್ರಿಫ್ಟರ್ ಅಲ್ವಾ, ಮೀನಿನ ದೋಣಿ. ಯುದ್ಧಕ್ಕೆ ಅಂತ ಸರಕಾರದವರು ಎತ್ತಿಕೊಂಡದ್ದು. ಅದರಲ್ಲಿ ಇದ್ದವರೂ ಮೀನು ಹಿಡಿಯುವ ಕಸುಬು ಗೊತ್ತಿದ್ದವರೇ ಇರಬೇಕು. ಹ್ಯಾಂಪ್‌ಶೈರ್‌ನಂಥ ದೊಡ್ಡ ಹಡಗಿನ ಗೋಡೆಯಲ್ಲಿ ಅವರ ಹೆಸರು ಹಾಕಿದ್ದಾರಾ?

ಅಬರ್ಡೀನ್_ಕನ್ನಡತಿ

ಹಾಕಿದ್ದಾರೆ ತಮ್ಮಾ. ಒಂಬತ್ತು ಜನ. ಒಂಬತ್ತೂ ಇವೆ.